ಕ್ರೊಮ್ಯಾಟಿನ್ ರಚನೆ ಮತ್ತು ಜೀನ್ ಲಿಪ್ಯಂತರದ ಆರಂಭ

ಭಂಕೂರ, ಚಿತ್ತಾಪುರ, ಸೇಡಂ ಸೀಮೆಯ ಹೊಲಗಳಲ್ಲಿ ಬೆಳೆಯುವ ತೊಗರಿ ಗಿಡದ ಬೇರು, ಎಲೆ ಹಾಗೂ ಹೂಗಳ ಜೀವಕೋಶಗಳಲ್ಲಿರುವ ಡಿಎನ್‌ಎ ಒಂದೇ. ಆದರೂ ಹೂವಿನ ಬಣ್ಣ ಬೇರಿನಲ್ಲಿ ಮೂಡುವುದಿಲ್ಲ. ಯಾವ ಅಂಗದಲ್ಲಿ ಯಾವ ಜೀನ್ ಕಾರ್ಯಪ್ರವೃತ್ತವಾಗಬೇಕೆಂಬುದು ಬಹುಮಟ್ಟಿಗೆ ನಿರ್ಧಾರವಾಗುವುದು ಲಿಪ್ಯಂತರದ ಆರಂಭದಲ್ಲಿ. ಅಂದರೆ ಡಿಎನ್‌ಎಯಲ್ಲಿನ ಸಂದೇಶವನ್ನು ಆರ್‌ಎನ್‌ಎ ರೂಪದಲ್ಲಿ ನಕಲು ಮಾಡುವ ಕ್ರಿಯೆಯ ಮೊದಲ ಹಂತದಲ್ಲಿ. ಈ ಹಂತವನ್ನು ಡಿಎನ್‌ಎಯ ಅಕ್ಷರಕ್ರಮದೊಂದಿಗೆ ಅದರ ಮಡಿಕೆಯೂ ನಿಯಂತ್ರಿಸುತ್ತದೆ.

ಮಾನವನ ಒಂದು ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಚಾಚಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಅಗಲದ ಕೋಶಕೇಂದ್ರದಲ್ಲಿ ಅದು ಅಡಕವಾಗಿರಲು ಹಿಸ್ಟೋನ್‌ಗಳೆಂಬ ಪ್ರೋಟೀನ್‌ಗಳು ನೆರವಾಗುತ್ತವೆ. ಎಂಟು ಹಿಸ್ಟೋನ್ ಅಣುಗಳ ಉರುಳೆಗೆ 147 ಪ್ರತ್ಯಾಮ್ಲ ಜೋಡಿಗಳಷ್ಟು ಡಿಎನ್‌ಎ ಎರಡಕ್ಕಿಂತ ತುಸು ಕಡಿಮೆ ಸುತ್ತು ಸುತ್ತಿಕೊಂಡಾಗ ಒಂದು ನ್ಯೂಕ್ಲಿಯೊಸೋಮ್ ಆಗುತ್ತದೆ. ಇಂತಹ ನ್ಯೂಕ್ಲಿಯೊಸೋಮ್‌ಗಳ ಸರಪಳಿಯೇ ಕ್ರೊಮ್ಯಾಟಿನ್. 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಈ ಮಾದರಿಯನ್ನು ಮುಂದಿಟ್ಟರು. 1997ರಲ್ಲಿ ಅದರ ಸೂಕ್ಷ್ಮ ರಚನೆ ಕ್ಷಕಿರಣ ಅಧ್ಯಯನದಿಂದ ಸ್ಪಷ್ಟವಾಯಿತು.

ಲಿಪ್ಯಂತರ ಆರಂಭವಾಗಬೇಕಾದರೆ ಆರ್‌ಎನ್‌ಎ ಪಾಲಿಮರೇಸ್ ಕಿಣ್ವವೂ ಅದರ ಸಹಾಯಕ ಪ್ರೋಟೀನ್‌ಗಳೂ ಜೀನಿನ ಆರಂಭಸ್ಥಾನದಲ್ಲಿ ನೆಲೆಗೊಳ್ಳಬೇಕು. ಆ ಸ್ಥಾನ ನ್ಯೂಕ್ಲಿಯೊಸೋಮಿನಲ್ಲಿ ಹುದುಗಿದ್ದರೆ ಅವುಗಳಿಗೆ ಪ್ರವೇಶವಿಲ್ಲ. ಈ ತಡೆಯನ್ನು ಜೀವಕೋಶ ಎರಡು ಬಗೆಯಲ್ಲಿ ನಿವಾರಿಸುತ್ತದೆ. ಕೆಲವು ಪ್ರೋಟೀನ್ ಸಂಕೀರ್ಣಗಳು ಎಟಿಪಿಯ ಶಕ್ತಿಯನ್ನು ಬಳಸಿ ನ್ಯೂಕ್ಲಿಯೊಸೋಮನ್ನು ಪಕ್ಕಕ್ಕೆ ಸರಿಸುತ್ತವೆ. ಬೇರೆ ಕಿಣ್ವಗಳು ಹಿಸ್ಟೋನ್‌ಗಳ ಲೈಸಿನ್ ಘಟಕಗಳಿಗೆ ಅಸಿಟೈಲ್ ಗುಂಪನ್ನು ಜೋಡಿಸುತ್ತವೆ. ಆಗ ಲೈಸಿನ್‌ನ ಧನ ವಿದ್ಯುದಾವೇಶ ಇಲ್ಲವಾಗಿ, ಋಣ ಆವೇಶವುಳ್ಳ ಡಿಎನ್‌ಎಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಅಸಿಟೈಲ್ ಗುಂಪನ್ನು ಕಳಚುವ ಕಿಣ್ವಗಳೂ ಇವೆ. ಆದುದರಿಂದ ಈ ಬದಲಾವಣೆ ಶಾಶ್ವತವಲ್ಲ.

ಈ ತತ್ವಕ್ಕೆ ಸ್ಪಷ್ಟ ನಿದರ್ಶನವೊಂದು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ದೊರೆಯಿತು. ಗೇರುಬೀಜದ ಚಿಪ್ಪಿನ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲವು ಪಿ300 ಎಂಬ ಅಸಿಟೈಲ್ ಜೋಡಿಸುವ ಕಿಣ್ವವನ್ನು ತಡೆಯುತ್ತದೆಂದು ತಪಸ್ ಕುಮಾರ್ ಕುಂಡು ಅವರ ತಂಡ 2003ರಲ್ಲಿ ಪ್ರಕಟಿಸಿತು. ಹಿಸ್ಟೋನ್‌ಗಳಿಲ್ಲದ ಬರಿಯ ಡಿಎನ್‌ಎಯಿಂದ ನಡೆಯುವ ಲಿಪ್ಯಂತರಕ್ಕೆ ಈ ಆಮ್ಲದಿಂದ ಬಾಧೆಯಾಗಲಿಲ್ಲ. ಕ್ರೊಮ್ಯಾಟಿನ್‌ನಿಂದ ನಡೆಯುವ, ಅಸಿಟೈಲೀಕರಣವನ್ನು ಅವಲಂಬಿಸಿದ ಲಿಪ್ಯಂತರ ಮಾತ್ರ ತೀವ್ರವಾಗಿ ಕುಗ್ಗಿತು. ಅದೇ ಆಮ್ಲದಿಂದ ತಯಾರಿಸಿದ ಇನ್ನೊಂದು ಸಂಯುಕ್ತವು ಇದಕ್ಕೆ ವಿರುದ್ಧವಾಗಿ ಪಿ300ನ್ನು ಪ್ರಚೋದಿಸಿ ಲಿಪ್ಯಂತರವನ್ನು ಹೆಚ್ಚಿಸಿತು. ಮುರುಗಲು ಹಣ್ಣಿನ ಸಿಪ್ಪೆಯ ಗಾರ್ಸಿನಾಲ್ ಕೂಡ ಇಂತಹದೇ ಪ್ರತಿಬಂಧಕವೆಂದು 2004ರಲ್ಲಿ ತಿಳಿದುಬಂದಿತು.

ಕ್ಯಾನ್ಸರಿನಂತಹ ರೋಗಗಳಲ್ಲಿ ಜೀನ್‌ಗಳ ನಿಯಂತ್ರಣ ತಪ್ಪುವುದರಿಂದ ಈ ಕಿಣ್ವಗಳು ಔಷಧ ಸಂಶೋಧನೆಯ ಗುರಿಗಳಾಗಿವೆ. ಅಸಿಟೈಲ್ ಕಳಚುವ ಕಿಣ್ವವನ್ನು ತಡೆಯುವ ವೊರಿನೊಸ್ಟ್ಯಾಟ್ 2006ರಲ್ಲಿ ಅಮೆರಿಕದಲ್ಲಿ ಚರ್ಮದ ಒಂದು ಬಗೆಯ ಲಿಂಫೋಮಾಕ್ಕೆ ಔಷಧವಾಗಿ ಅನುಮತಿ ಪಡೆಯಿತು. ಆದರೆ ಪ್ರಯೋಗಶಾಲೆಯ ಫಲಿತಾಂಶದಿಂದ ಗೇರು, ಮುರುಗಲುಗಳು ರೋಗಹರವೆಂದು ತೀರ್ಮಾನಿಸಲಾಗದು. ಒಂದೇ ಕಿಣ್ವ ನೂರಾರು ಜೀನ್‌ಗಳ ಬಾಗಿಲು ತೆರೆಯುತ್ತದೆ. ಅದನ್ನು ತಡೆದರೆ ಬೇಕಾದ ಜೀನ್‌ಗಳೂ ಮೌನವಾಗಬಹುದು. ಕೆಟ್ಟ ಜೀನಿನ ಬಾಗಿಲನ್ನಷ್ಟೇ ಮುಚ್ಚುವ ಬಗೆಯನ್ನು ಅರಿಯುವುದು ಈ ಕ್ಷೇತ್ರದ ಮುಂದಿರುವ ಮುಖ್ಯ ಕಾರ್ಯವಾಗಿದೆ.