ಎಲುಬಿನೊಳಗೆ ಔಷಧದ ಮಣಿ

ಮಹಾರಾಷ್ಟ್ರದ ಜತ್ತ ತಾಲೂಕಿನಲ್ಲಿ ಕಾಲು ಮುರಿದರೆ ದಾರಿ ಎರಡೇ: ಮಿರಜ, ಇಲ್ಲವೇ ವಿಜಯಪುರ. 1894ರಲ್ಲಿ ಮಿಷನರಿ ಡಾಕ್ಟರ್ ವಾನ್ಲೆಸ್ ಸಾಹೇಬರು ಮಿರಜದಲ್ಲಿ ಆಸ್ಪತ್ರೆ ತೆರೆದಂದಿನಿಂದ ನಮ್ಮ ಹಿರಿಯರೂ ಆ ಹಾದಿ ಹಿಡಿದವರೇ. ಆಪರೇಷನ್ ಅಲ್ಲಿ ಮುಗಿಯುತ್ತದೆ. ಗಾಯ ಮಾತ್ರ ಸಂಖ, ಉಮದಿ, ಬಿಳೂರಿಗೆ ಮರಳಿ ಬರುತ್ತದೆ. ಅದನ್ನು ತೊಳೆದು ಪಟ್ಟಿ ಕಟ್ಟುವ ನರ್ಸಮ್ಮ ನಾನು.

ಟ್ರ್ಯಾಕ್ಟರಿಗೆ ಸಿಕ್ಕ ಕಾಲಿನಲ್ಲಿ ಎಲುಬು ಚರ್ಮ ಹರಿದು ಹೊರಗೆ ಬಂದಿರುತ್ತದೆ, ಮಣ್ಣು ಸೆಗಣಿ ಒಳಹೊಕ್ಕಿರುತ್ತವೆ. ಕೀವು ಎಲುಬಿಗೆ ಇಳಿದರೆ ಅಲ್ಲಿನ ರಕ್ತನಾಳಗಳು ಮುಚ್ಚಿ ತುಂಡೊಂದು ಸತ್ತುಹೋಗುತ್ತದೆ. ರಕ್ತವೇ ಹರಿಯದ ಕಡೆಗೆ ಸೂಜಿಮದ್ದು ಹೇಗೆ ಮುಟ್ಟೀತು? ಡೋಸು ಏರಿಸೋಣವೆಂದರೆ ಜೆಂಟಾಮೈಸಿನ್‌ನಂಥ ಔಷಧ ಮೂತ್ರಪಿಂಡಕ್ಕೂ ಕಿವಿಗೂ ಕೇಡು. “ಇನ್ನ ಎಷ್ಟ ದಿನಾ ಸೂಜಿ ಚುಚ್ಚತೀರಿ ಬಾಯಾರ?” ಎಂದು ರೋಗಿ ಕೇಳಿದಾಗ ನನಗೆ ಉತ್ತರ ಹೊಳೆಯುತ್ತಿರಲಿಲ್ಲ.

ದಾರಿ ತೋರಿಸಿದವರು ಜರ್ಮನಿಯ ವೈದ್ಯರು. ಕೃತಕ ಕೀಲು ಕೂರಿಸುವ ಎಲುಬಿನ ಸಿಮೆಂಟಿನಲ್ಲೇ ಔಷಧ ಬೆರೆಸಿದ ಅನುಭವವನ್ನು ಹ್ಯಾಂಬರ್ಗಿನ ಬುಖೋಲ್ಜ್ 1970ರಲ್ಲಿ ಪ್ರಕಟಿಸಿದರು. ಆ ದಶಕದಲ್ಲೇ ಕ್ಲಾಸ್ ಕ್ಲೆಮ್ ಆ ಸಿಮೆಂಟನ್ನು ಮಣಿಗಳಾಗಿಸಿ ಸರ ಪೋಣಿಸಿದರು. ಕಾರ್ಖಾನೆಯ ಸರದ ಮಣಿ 7 ಮಿಲಿಮೀಟರ್, ಅದರೊಳಗೆ 4.5 ಮಿಲಿಗ್ರಾಂ ಜೆಂಟಾಮೈಸಿನ್. ಎಷ್ಟೋ ಕಡೆ ಸರ್ಜನ್ನರು ಆಪರೇಷನ್ ಟೇಬಲ್ಲಿನಲ್ಲೇ ಸಿಮೆಂಟ್ ಪುಡಿಗೆ ವ್ಯಾಂಕೋಮೈಸಿನ್ ಕಲಸಿ, ಉಂಡೆ ಮಾಡಿ, ಸ್ಟೀಲ್ ತಂತಿಗೆ ಪೋಣಿಸುತ್ತಾರೆ. ಗಟ್ಟಿಯಾಗುವಾಗ ಸಿಮೆಂಟ್ ಬಿಸಿಯೇರುವುದರಿಂದ ಆ ಕಾವು ತಾಳುವ ಔಷಧವೇ ಬೇಕು. ಈ ಸಿಮೆಂಟು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪಾಲಿಮರ್. ಹಲ್ಲಿನ ಸೆಟ್ಟಿನ ಗುಲಾಬಿ ವಸಡನ್ನು ಮಾಡುವುದೂ ಇದರಿಂದಲೇ.

ಸತ್ತ ಎಲುಬನ್ನು ಪೂರ್ತಿ ಕೆರೆದು ತೆಗೆದ ಮೇಲೆ ಆ ಪೊಳ್ಳಿನಲ್ಲಿ ಮಣಿಗಳನ್ನಿಡುತ್ತಾರೆ. ಕೆರೆಯದೆ ಇಟ್ಟರೆ ಎಂಥ ಮಣಿಯಿಂದಲೂ ಪ್ರಯೋಜನವಿಲ್ಲ. ದಾಳಿಂಬೆ ಬುಡಕ್ಕೆ ಹನಿ ನೀರು ಬಿಟ್ಟಂತೆ ಔಷಧ ಬೇಕಾದಲ್ಲೇ ಇಳಿಯುತ್ತದೆ: ಮೊದಲ ಕೆಲವು ದಿನ ಜೋರಾಗಿ, ಆಮೇಲೆ ವಾರಗಟ್ಟಲೆ ಸಣ್ಣಗೆ. ರಕ್ತಕ್ಕೆ ಸೇರುವುದು ಅತ್ಯಲ್ಪ.

ನನ್ನ ಚಿಂತೆ ಇರುವುದು ಆ ಸಣ್ಣ ಹರಿವಿನ ದಿನಗಳದ್ದು. ಈ ಪಾಲಿಮರ್ ಕರಗುವುದಿಲ್ಲ, ಔಷಧದ ಬಹುಪಾಲು ಅದರೊಳಗೇ ಉಳಿಯುತ್ತದೆ. ಸಾಯಿಸಲಾರದಷ್ಟು ಔಷಧದ ನಡುವೆ ಬದುಕಿದ ಕ್ರಿಮಿ ಅದಕ್ಕೆ ಜಗ್ಗದಂತಾಗುತ್ತದೆ, ಮಣಿಯ ಮೇಲೆಯೇ ಮನೆ ಮಾಡುತ್ತದೆ. ಹಾಗಾಗಿ ಕೆಲವು ವಾರಗಳಲ್ಲಿ ಮತ್ತೆ ಆಪರೇಷನ್ ಮಾಡಿ ತೆಗೆಯಬೇಕು. ಆದರೆ ನೋವು ನಿಂತ ಮೇಲೆ ಜೋಳದ ರಾಶಿ ಬಿಟ್ಟು ಯಾರು ಹೋಗುತ್ತಾರೆ? ಕಬ್ಬು ಕಡಿಯುವ ಗ್ಯಾಂಗು ಹೊರಟರೆ ಮಣಿ ಹೊತ್ತ ಕಾಲೂ ಅದರ ಜತೆ ಹೊರಟುಬಿಡುತ್ತದೆ.

ತಾನೇ ಕರಗುವ ಮಣಿ ನಮ್ಮಂಥ ಸೀಮೆಗೇ ಹೆಚ್ಚು ಬೇಕು. ಕ್ಯಾಲ್ಸಿಯಂ ಸಲ್ಫೇಟಿನವು ಈಗಾಗಲೇ ಇವೆ, ವಾರಗಳಲ್ಲಿ ಕರಗುತ್ತವೆ. ಕೆಲವೊಮ್ಮೆ ಗಾಯದಿಂದ ತಿಳಿನೀರು ಸೋರಿ ಮನೆಯವರು ಕೀವೆಂದು ಗಾಬರಿಯಾಗುತ್ತಾರೆ. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಿಂದಾದ ಪಾಲಿಮರಿನಿಂದ ಕರಗುವ ಹೊಲಿಗೆ ದಾರವನ್ನು ಬಹುಕಾಲದಿಂದ ಮಾಡುತ್ತಿದ್ದಾರೆ. ಎರಡರ ಪ್ರಮಾಣ ಬದಲಿಸಿ ಕರಗುವ ಅವಧಿಯನ್ನೂ ಹೊಂದಿಸಬಹುದು. ಅದರಿಂದ ಮಾಡಿದ ಔಷಧದ ಮಣಿಯನ್ನು ನನ್ನ ರೋಗಿಗಳಲ್ಲಿ ಇನ್ನೂ ಕಂಡಿಲ್ಲ.

ಅಲ್ಲಿಯವರೆಗೆ ನಾನು ಒಂದು ಕೆಲಸ ಬಿಡುವುದಿಲ್ಲ. ಆಸ್ಪತ್ರೆಯಿಂದ ರೋಗಿಯ ಜತೆ ಮನೆಗೆ ಬರುವ ಕಾರ್ಡು ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೇ ಮರಾಠಿಯಲ್ಲಿ. ಅದರ ಹಿಂದೆ ಎಷ್ಟು ಮಣಿ, ಯಾವ ಔಷಧ, ಯಾವ ತಾರೀಖಿಗೆ ತೆಗೆಸಬೇಕು ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು, ಮನೆಯ ಹೆಣ್ಣುಮಗಳ ಕೈಗೆ ಕೊಡುತ್ತೇನೆ.