ಬಾಯಿ ಮುಚ್ಚಿದ ಬಟ್ಟಲು

ಬಾಗಿಲು ತೆರೆಯುತ್ತಿದ್ದಂತೆ ಮೊದಲು ಮೂಗಿಗೆ ಬಡಿಯುವುದು ಒದ್ದೆ ಜೇಡಿಮಣ್ಣಿನ ವಾಸನೆ, ಅದರ ಹಿಂದೆಯೇ ಬಣ್ಣದ, ಅಂಟಿನ ಘಾಟು. ಲಂಡನ್ನಿನ ಚಳಿಗಾಲದ ಮಬ್ಬು ಬೆಳಕು ಎತ್ತರದ ಕಿಟಕಿಗಳಿಂದ ಇಳಿದು, ಎಷ್ಟೋ ವಿದ್ಯಾರ್ಥಿ ತಂಡಗಳು ಬಣ್ಣದ ಕಲೆ ಉಳಿಸಿಹೋದ ಮೇಜುಗಳ ಮೇಲೆ ಬಿದ್ದಿದೆ. ಸಿಂಕಿನಲ್ಲಿ ಯಾರೋ ಕುಂಚ ತೊಳೆಯುವ ಸದ್ದು, ಕಾಗದದ ಮೇಲೆ ಇದ್ದಿಲು ಸರಿಯುವ ಸರಸರ, ಅಷ್ಟೇ. ಇಲ್ಲಿ ಕುಳಿತವರು ರೋಗಿಗಳಲ್ಲ, ಚಿತ್ರಕಲೆ ಕಲಿಯಲು ಬಂದವರೂ ಅಲ್ಲ. ಮುಂದೆ ಕಲಾ ಚಿಕಿತ್ಸಕರಾಗಬೇಕಾದವರು.

ಕಿಟಕಿ ಪಕ್ಕದ ಹೆಂಗಸಿನ ಕೈ ನೋಡಿ. ಬಟ್ಟಲು ಮಾಡಲು ಹೊರಟಿದ್ದರು. ಅಂಚು ಬಿರುಕು ಬಿಡುತ್ತದೆ. ಬೆರಳು ನೀರಿಗದ್ದಿ ಸವರಿದರೆ ಇನ್ನೊಂದು ಕಡೆ ಬಿಡುತ್ತದೆ. ಸವರಿ ಸವರಿ ಸಾಕಾಗಿ, ಅಂಚನ್ನೇ ಒಳಕ್ಕೆ ಮಡಚುತ್ತ ಹೋದರು. ಬಟ್ಟಲಿನ ಬಾಯಿ ಪೂರಾ ಮುಚ್ಚಿಹೋಯಿತು. ಬಳಿ ಬಂದು ಕುಳಿತ ಅಧ್ಯಾಪಕಿ ಚೆನ್ನಾಗಿದೆ ಅನ್ನಲಿಲ್ಲ, ಇದರ ಅರ್ಥವೇನು ಅಂತಲೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಬಟ್ಟಲು ಮಾಡಿದಾಕೆಯೇ ಅಂದರು: “ಯಾರೂ ಕೈ ಹಾಕಬಾರದು ಅನ್ನಿಸಿತು.” ಅಂದವರಿಗೇ ಆಶ್ಚರ್ಯ!

ಬ್ರಿಟನ್ನಿನಲ್ಲಿ ಈ ಕಲಾ ಚಿಕಿತ್ಸೆ ಹುಟ್ಟಿದ್ದು ರೋಗಿಯಾಗಿ ಮಲಗಿದ್ದ ಒಬ್ಬ ಚಿತ್ರಕಾರನ ಹಾಸಿಗೆಯ ಮೇಲೆ. ಕ್ಷಯರೋಗ ತಗಲಿ 1938ರಲ್ಲಿ ಸಸೆಕ್ಸ್ ಪ್ರಾಂತದ ಆರೋಗ್ಯಧಾಮ ಸೇರಿದ ಏಡ್ರಿಯನ್ ಹಿಲ್, ಮಲಗಿದ್ದಲ್ಲೇ ಕಣ್ಣಿಗೆ ಬಿದ್ದುದನ್ನು ಬಿಡಿಸುತ್ತ ಚೇತರಿಸಿಕೊಂಡರು, ಪಕ್ಕದ ರೋಗಿಗಳ ಕೈಗೂ ಪೆನ್ಸಿಲ್ ಕೊಟ್ಟರು. 1942ರಲ್ಲಿ ಅದಕ್ಕೆ ‘ಆರ್ಟ್ ಥೆರಪಿ’ ಎಂದು ಹೆಸರಿಟ್ಟವರೂ ಅವರೇ. ಆದರೆ ಈ ಕೋಣೆಗೆ ಹತ್ತಿರದವರು ಮನೋವಿಶ್ಲೇಷಕಿ ಮೇರಿಯನ್ ಮಿಲ್ನರ್ ಎಂದೇ ನನ್ನ ಭಾವನೆ. ನೆಮ್ಮದಿಯ ಬೇಸಿಗೆಯ ದೃಶ್ಯ ಬಿಡಿಸಬೇಕೆಂದು ಅವರು ಕೂತರೆ, ಕಾಗದದ ಮೇಲೆ ಮೂಡುತ್ತಿದ್ದುದು ಬಿರುಗಾಳಿ, ಬೆಂಕಿ. ತಮಗೇ ಗೊತ್ತಿಲ್ಲದ ಸಿಟ್ಟು, ಭಯ ತಮ್ಮ ಗೆರೆಗಳಲ್ಲಿ ಇಳಿಯುವುದನ್ನು ಬೆನ್ನುಹತ್ತಿ 1950ರಲ್ಲಿ ಒಂದು ಪುಸ್ತಕವನ್ನೇ ಬರೆದರು.

ಈ ಕೋಣೆಯಲ್ಲಿ ಕುಳಿತವರು ಪಡೆಯುತ್ತಿರುವುದು ಎರಡು ವರ್ಷದ ಪೂರ್ಣಾವಧಿ ಸ್ನಾತಕೋತ್ತರ ತರಬೇತಿ. ಮನೋವಿಜ್ಞಾನದ ಪಾಠ, ಆಸ್ಪತ್ರೆ-ಶಾಲೆಗಳಲ್ಲಿ ಕೆಲಸ ಎಲ್ಲ ಉಂಟು. ಅದರ ಜೊತೆಗೆ ಪ್ರತಿ ವಿದ್ಯಾರ್ಥಿಯೂ ತಾನೇ ಒಬ್ಬ ಚಿಕಿತ್ಸಕರ ಎದುರು ಕೂರಬೇಕು, ಕಡ್ಡಾಯ. ಈ ಕಟ್ಟುನಿಟ್ಟು ಸರಿಯಾದದ್ದೇ. ತನ್ನ ಬಟ್ಟಲಿನ ಬಾಯಿ ಏಕೆ ಮುಚ್ಚಿತೆಂದು ತಿಳಿಯದವರು, ನಾಳೆ ಮಾತು ಬಿಟ್ಟ ಮಗುವೊಂದು ಕಪ್ಪು ಬಣ್ಣ ಬಳಿದರೆ ಅದರಲ್ಲಿ ತಮ್ಮದೇ ದುಃಖ ಕಂಡು, ಮಗುವಿನದನ್ನು ಕಾಣದೇ ಹೋದಾರು. ಕಾನೂನೂ ಸಡಿಲವಿಲ್ಲ: ಬ್ರಿಟನ್ನಿನಲ್ಲಿ ಮಾನ್ಯತೆ ಪಡೆದ ತರಬೇತಿ ಮುಗಿಸಿ ನೋಂದಾಯಿಸಿಕೊಳ್ಳದೆ ‘ಆರ್ಟ್ ಥೆರಪಿಸ್ಟ್’ ಎಂದು ಹೇಳಿಕೊಂಡು ಜನರನ್ನು ನಂಬಿಸುವುದು ಅಪರಾಧ.