ತಾಳಕ್ಕೊಂದು ಗುಂಡು

ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಕತಾರಿನಲ್ಲಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರ ತನಕ ಯಾರಿಂದಲೂ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲ. 2021ರಲ್ಲಿ ಬಂದ ಸರ್ಕಾರಿ ಆದೇಶ ಅದು. ಗಾಳಿಯ ತೇವವನ್ನೂ ಬಿಸಿಲನ್ನೂ ಲೆಕ್ಕಕ್ಕೆ ಹಿಡಿದು ಅಳೆಯುವ ತಾಪ 32.1 ಡಿಗ್ರಿ ದಾಟಿದರಂತೂ ಹೊತ್ತು ಯಾವುದೇ ಇರಲಿ, ಕೆಲಸ ನಿಲ್ಲಬೇಕು. ಆದೇಶ ಕಾರ್ಮಿಕರಿಗೆ, ಬಿಸಿಲು ಎಲ್ಲರಿಗೂ. ಆ ದೇಶದಲ್ಲಿರುವ ಭಾರತೀಯರು ಏಳು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮಂಗಳೂರು, ಉಡುಪಿ, ಬೆಂಗಳೂರಿನ ಕಡೆಯ ಸಂಸಾರಗಳೂ ಸಾಕಷ್ಟಿವೆ. ಶಾಲೆಗೆ ರಜೆ ಬಿದ್ದ ಹದಿಹರೆಯದ ಮಕ್ಕಳಿಗೆ ಆಗ ಉಳಿಯುವುದು ಮಾಲು, ಇಲ್ಲವೇ ಮನೆಯ ಎಸಿ ಕೋಣೆ. ಮಾಲಿನಲ್ಲಿಯೂ ಆಟವೇ: ದೋಹಾ ಫೆಸ್ಟಿವಲ್ ಸಿಟಿಯೊಳಗೆ ವರ್ಚುವೊಸಿಟಿ ಎಂಬ ದೊಡ್ಡ ಗೇಮಿಂಗ್ ಕೇಂದ್ರವನ್ನೇ ಕಟ್ಟಿದರು. ಮನೆಯಲ್ಲಾದರೆ ಕಂಪ್ಯೂಟರ್, ಪ್ಲೇಸ್ಟೇಷನ್.

ಮುಚ್ಚಿದ ಬಾಗಿಲಿನ ಆಚೆಯಿಂದ ಡ್ರಮ್ಮಿನ ಏಟು, ಗಿಟಾರಿನ ಗರಗಸದ ಸದ್ದು, ಯಾರೋ ಗಂಟಲು ಹರಿದುಕೊಂಡು ಅರಚುವುದು, ನಡುನಡುವೆ ಬಂದೂಕು, ಎಲ್ಲವೂ ಒಟ್ಟಿಗೆ ಕೇಳಿಸಿದರೆ ಹೊರಗಿದ್ದವರಿಗೆ ಅದು ಬರೀ ಗಲಾಟೆ. ಸ್ವಲ್ಪ ಹೊತ್ತು ನಿಂತು ಕೇಳಿದರೆ ಒಂದು ಸಂಗತಿ ಗೊತ್ತಾಗುತ್ತದೆ. ಬಂದೂಕು ಸಿಡಿಯುತ್ತಿರುವುದು ಡ್ರಮ್ಮಿನ ಏಟಿಗೆ ಸರಿಯಾಗಿ.

ಇದು ವಿಡಿಯೊ ಗೇಮುಗಳಲ್ಲಿ ಈಚೆಗೆ ಬೆಳೆದ ಒಂದು ಕೊಂಬೆ. ಫಸ್ಟ್ ಪರ್ಸನ್ ಶೂಟರ್ ಎಂದರೆ ನಾಯಕನ ಕಣ್ಣಿನಿಂದಲೇ ಲೋಕ ಕಾಣುವ ಆಟ. ಪರದೆಯ ಮೇಲೆ ನಾಯಕ ಕಾಣುವುದಿಲ್ಲ, ಅವನ ಕೈ ಮತ್ತು ಕೈಯಲ್ಲಿರುವ ಆಯುಧ ಮಾತ್ರ. ರಿದಮ್ ಗೇಮ್ ಎಂದರೆ ಹಾಡಿನ ಬಡಿತಕ್ಕೆ ಸರಿಯಾಗಿ ಗುಂಡಿ ಒತ್ತುವ ಆಟ. ಎರಡನ್ನೂ ಕೂಡಿಸಿದರೆ ಗುರಿ ಹಿಡಿದರಷ್ಟೇ ಸಾಲದು, ತಾಳವನ್ನೂ ಹಿಡಿಯಬೇಕು. ಅದಕ್ಕೆ ಹೆವಿ ಮೆಟಲ್ ಸಂಗೀತ ಸೇರಿದಾಗ ಹುಟ್ಟಿದ ಆಟಗಳಲ್ಲಿ ಹೆಸರು ಮಾಡಿದ್ದು 'ಮೆಟಲ್: ಹೆಲ್‌ಸಿಂಗರ್'. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದ್ದ ದಿ ಔಟ್‌ಸೈಡರ್ಸ್ ಎಂಬ ಸ್ಟುಡಿಯೊ ಮಾಡಿದ್ದು, ನಾರ್ವೆಯ ಫನ್‌ಕಾಮ್ ಹೊರತಂದದ್ದು.

ಕಥೆ ದೊಡ್ಡದೇನಲ್ಲ. ಅರ್ಧ ಮನುಷ್ಯೆ, ಅರ್ಧ ಪಿಶಾಚಿಯಾದ ಹೆಸರಿಲ್ಲದ ಹೆಣ್ಣೊಬ್ಬಳ ದನಿಯನ್ನು ನರಕದ ಒಡತಿ ಕಸಿದಿದ್ದಾಳೆ. ಅದನ್ನು ಮರಳಿ ಪಡೆಯಲು ಇವಳು ಒಂದೊಂದೇ ನರಕ ದಾಟಬೇಕು. ಕಥೆ ಹೇಳುವುದು ಪಾಜ್ ಎಂಬ ತಲೆಬುರುಡೆ. ಆ ಬುರುಡೆಯೂ ಒಂದು ಆಯುಧವೇ, ಆಟಗಾರನಿಗೆ ತಾಳ ಹಿಡಿದುಕೊಡುವುದು ಅದರ ಮುಖ್ಯ ಉದ್ಯೋಗ.

ಕಥೆಗಿಂತ ಆಟದ ಒಳಗಿನ ಯಂತ್ರ ಸ್ವಾರಸ್ಯ. ಪ್ರತಿ ಹಾಡನ್ನೂ ಪದರ ಪದರವಾಗಿ ಮುದ್ರಿಸಿ ಇಟ್ಟಿದ್ದಾರೆ. ಆಟ ಶುರುವಾದಾಗ ಕೇಳಿಸುವುದು ತೆಳುವಾದ ಬಡಿತ ಮಾತ್ರ. ಬಡಿತಕ್ಕೆ ಸರಿಯಾಗಿ ಹೊಡೆದಂತೆಲ್ಲ ಅಂಕದ ಗುಣಕ 2, 4, 8 ಎಂದು ಏರುತ್ತದೆ, ಜೊತೆಗೆ ಹಾಡಿನ ಒಂದೊಂದೇ ಪದರ ಬಿಚ್ಚಿಕೊಳ್ಳುತ್ತದೆ. ಗುಣಕ 16 ಮುಟ್ಟಿದಾಗ ಮಾತ್ರ ಗಾಯಕರ ದನಿ ಬರುತ್ತದೆ. ತಾಳ ತಪ್ಪಿದಿರೋ, ಗುಂಡಿನ ಬಲ ಕುಗ್ಗುತ್ತದೆ, ಗುಣಕ ಇಳಿಯುತ್ತದೆ, ಹಾಡು ಮತ್ತೆ ಬಡವಾಗುತ್ತದೆ. ಬಂದೂಕಿಗೆ ಗುಂಡು ತುಂಬುವುದನ್ನೂ ತಾಳಕ್ಕೆ ಸರಿಯಾಗಿ ಮಾಡಿದರೆ ಬೇಗ ಮುಗಿಯುತ್ತದೆ. ಕುಸಿಯುತ್ತಿರುವ ಶತ್ರುವಿಗೆ ತಾಳದಲ್ಲಿಯೇ ಕೊನೆಯ ಏಟು ಕೊಟ್ಟರೆ ಕಳೆದುಕೊಂಡ ಜೀವ ಒಂದಿಷ್ಟು ಹಿಂದಕ್ಕೆ ಬರುತ್ತದೆ.

ಕರಾವಳಿಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಯಕ್ಷಗಾನದ ರಂಗದಲ್ಲಿ ಯುದ್ಧದ ಸನ್ನಿವೇಶ ಬಂದಾಗ ವೇಷಧಾರಿಯ ಹೆಜ್ಜೆ ಮತ್ತು ಚೆಂಡೆಯ ಪೆಟ್ಟು ಒಂದಾದರೆ ಮಾತ್ರ ಅದು ಯುದ್ಧ. ಹೆಜ್ಜೆ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ ಆದರೆ ಅದು ಬರೀ ಓಡಾಟ. ಹೆಲ್‌ಸಿಂಗರ್ ಆಡುವವನು ವೇಷಧಾರಿಯೂ ಹೌದು, ಚೆಂಡೆಯವನೂ ಹೌದು. ಭಾಗವತರು ಮಾತ್ರ ಇವನ ಯೋಗ್ಯತೆ ನೋಡಿಯೇ ಬಾಯಿ ಬಿಡುವುದು.

ಆ 'ಭಾಗವತರ' ಪಟ್ಟಿ ಸಣ್ಣದಲ್ಲ. ಸಿಸ್ಟಮ್ ಆಫ್ ಎ ಡೌನ್ ತಂಡದ ಸರ್ಜ್ ಟಾಂಕಿಯನ್, ಟ್ರಿವಿಯಮ್‌ನ ಮ್ಯಾಟ್ ಹೀಫಿ, ಲ್ಯಾಂಬ್ ಆಫ್ ಗಾಡ್‌ನ ರ್‍ಯಾಂಡಿ ಬ್ಲೈಥ್, ಆಗ ಆರ್ಚ್ ಎನಿಮಿಯಲ್ಲಿದ್ದ ಅಲಿಸಾ ವೈಟ್-ಗ್ಲಜ್, ಯುಕ್ರೇನಿನ ಜಿಂಜರ್ ತಂಡದ ತಟಿಯಾನಾ ಶ್ಮೈಲ್ಯುಕ್. ಟೂ ಫೆದರ್ಸ್ ಎಂಬ ಸ್ವೀಡನ್ನಿನ ಜೋಡಿ ರಚಿಸಿದ ಹಾಡುಗಳಿಗೆ ಇವರೆಲ್ಲ ದನಿ ಕೊಟ್ಟರು. ಆಟ ಅಂಗಡಿಗೆ ಬರುವ ಮೊದಲೇ, 2022ರ ಆಗಸ್ಟಿನಲ್ಲಿ, ಜರ್ಮನಿಯ ಕಲೋನ್‌ನಲ್ಲಿ ನಡೆದ ಗೇಮ್ಸ್‌ಕಾಮ್ ಮೇಳದ ಹೊತ್ತಿಗೆ ಇದರ ಹಾಡುಗಳ ಕಛೇರಿಯನ್ನೇ ನಡೆಸಿಬಿಟ್ಟರು. ಇನ್ನೂ ಅಂಗಡಿಗೆ ಬಾರದ ಆಟದ ಹಾಡಿಗೆ ಜನ ತಲೆ ಕುಣಿಸಿದ್ದು ಆ ಆಟಕ್ಕೆ ಸಿಕ್ಕ ಒಳ್ಳೆಯ ಜಾಹೀರಾತು.

ಮೆಟಲ್‌ಗೂ ಬಂದೂಕಿನ ಆಟಕ್ಕೂ ನಂಟು ಹಳೆಯದು. 1993ರ ಡಿಸೆಂಬರ್ 10ರಂದು ಬಂದ 'ಡೂಮ್'ಗೆ ಸಂಗೀತ ಕೊಟ್ಟ ಬಾಬಿ ಪ್ರಿನ್ಸ್ ವೃತ್ತಿಯಿಂದ ವಕೀಲರಾಗಿದ್ದವರು. ಆಗಿನ ಕಂಪ್ಯೂಟರ್ ಆಟಗಳಲ್ಲಿ ನಿಜವಾದ ಗಿಟಾರ್ ಹಾಡು ಹಿಡಿಸುವುದು ಕಷ್ಟವಿತ್ತು. ಸಂಗೀತವೆಲ್ಲ ಮಿಡಿ ಎಂಬ ಸಂಕೇತಗಳಲ್ಲಿ, ಆಟಿಕೆಯ ಕೀಬೋರ್ಡಿನಂಥ ದನಿಯಲ್ಲಿ ಕೇಳುತ್ತಿತ್ತು. ಆದರೂ ಮೊದಲ ಹಂತದ ಆ ಗಿಟಾರ್ ವರಸೆ ಮೂವತ್ತು ವರ್ಷ ಕಳೆದರೂ ಆಟಗಾರರ ಬಾಯಲ್ಲಿದೆ. 2016ರಲ್ಲಿ 'ಡೂಮ್' ಹೊಸದಾಗಿ ಬಂದಾಗ ಸಂಗೀತದ ಹೊಣೆ ಆಸ್ಟ್ರೇಲಿಯಾದ ಮಿಕ್ ಗಾರ್ಡನ್ ಅವರದು. ಗಿಟಾರ್ ಬೇಡ, ಮೆಟಲ್ ಬೇಡ ಎಂದು ಆಟ ಮಾಡುತ್ತಿದ್ದ ಕಂಪನಿ ಮೊದಲಿಗೆ ಹೇಳಿತ್ತು. ಗಾರ್ಡನ್ ಎಲೆಕ್ಟ್ರಾನಿಕ್ ಸದ್ದನ್ನು ಸರಪಳಿಯಂತೆ ಜೋಡಿಸಿದ ಉಪಕರಣಗಳ ಮೂಲಕ ಹಾಯಿಸಿ ತಿರುಚಿ ಒರಟು ಮಾಡಿದರು, ಆಮೇಲೆ ಮೆಲ್ಲನೆ ಒಂಬತ್ತು ತಂತಿಯ ಗಿಟಾರನ್ನೂ ಒಳಗೆ ತಂದರು. ಆ ವರ್ಷದ ದಿ ಗೇಮ್ ಅವಾರ್ಡ್ಸ್‌ನಲ್ಲಿ ಸಂಗೀತ ಮತ್ತು ಧ್ವನಿವಿನ್ಯಾಸದ ಪ್ರಶಸ್ತಿ ಅದಕ್ಕೇ ಬಂತು. ಅವರ ಚೇಷ್ಟೆಯೂ ಒಂದಿದೆ. ಒಂದು ಹಾಡಿನ ಧ್ವನಿಯನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಇಟ್ಟು ನೋಡಿದರೆ ಐದು ಮೂಲೆಯ ನಕ್ಷತ್ರವೂ 666 ಎಂಬ ಅಂಕಿಯೂ ಕಾಣುತ್ತವೆ.

ಡೂಮ್‌ನಲ್ಲಿ ತಾಳ ಕಡ್ಡಾಯವಲ್ಲ. ಆದರೆ ಆಡುವವರ ಬೆರಳು ತಾನಾಗಿಯೇ ಹಾಡಿಗೆ ಕೂಡಿಕೊಳ್ಳುತ್ತದೆ. ಹಾಗೆ ಕೂಡಿಕೊಂಡ ತಮ್ಮದೇ ಬೆರಳನ್ನು ಗಮನಿಸಿದಾಗ ಹೆಲ್‌ಸಿಂಗರ್ ಹೊಳೆಯಿತು ಎಂದು ಅದರ ನಿರ್ದೇಶಕ ಡೇವಿಡ್ ಗೋಲ್ಡ್‌ಫಾರ್ಬ್ ಹೇಳಿಕೊಂಡಿದ್ದಾರೆ. ಅಷ್ಟರಲ್ಲಿ ಆವ್ ಇಂಟರಾಕ್ಟಿವ್ ಎಂಬ ಪುಟ್ಟ ಸ್ಟುಡಿಯೊ ಅದೇ ದಾರಿ ಹಿಡಿದು 'ಬಿಪಿಎಮ್: ಬುಲೆಟ್ಸ್ ಪರ್ ಮಿನಿಟ್' ಎಂಬ ಆಟ ತಂದಿತ್ತು. ಅಲ್ಲಿ ತಾಳದ ಹೊರಗೆ ಗುಂಡು ಹಾರುವುದೇ ಇಲ್ಲ, ಅಷ್ಟು ಕಟ್ಟುನಿಟ್ಟು. ಅದು ಬಂದದ್ದು 2020ರ ಸೆಪ್ಟೆಂಬರ್ 15, ಹೆಲ್‌ಸಿಂಗರ್ ಬಂದದ್ದು 2022ರ ಸೆಪ್ಟೆಂಬರ್ 15. ಕತಾರಿನ ಮಧ್ಯಾಹ್ನದ ನಿಷೇಧ ಮುಗಿಯುವ ದಿನವೂ ಅದೇ ಎಂಬುದು ಬರೀ ಕಾಕತಾಳೀಯ, ಬೇಸಿಗೆಯಿಡೀ ಒಳಗೇ ಕುಳಿತ ಮಕ್ಕಳಿಗೆ ಮಾತ್ರ ತುಸು ತಡವಾದ ಉಡುಗೊರೆ.

ಗೋಲ್ಡ್‌ಫಾರ್ಬ್ ಅವರ ಹಿಂದಿನ ದೊಡ್ಡ ಆಟ 'ಪೇಡೇ 2'. ಅದರ ಒಡೆತನ ಹೊಂದಿದ್ದ ಸ್ಟಾರ್‌ಬ್ರೀಜ್ ಕಂಪನಿ ಮುಂದೆ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಅನ್ನು ಕೊಂಡುಕೊಂಡಿತು. 1997ರಲ್ಲಿ ರಾಜೇಶ್ ರಾವ್ ಕಟ್ಟಿದ, ಭಾರತದ ಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು ಅದು. 2019ರಲ್ಲಿ ರಾಕ್‌ಸ್ಟಾರ್ ಎಂಬ ಗೇಮ್ ಕಂಪನಿಯ ಪಾಲಾಯಿತು. ಮೆಟಲ್ ಸಂಗೀತಕ್ಕೂ ಬೆಂಗಳೂರೇ ಭಾರತದ ತವರು ಎನ್ನಬಹುದು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಜರ್ಮನಿಯ ವಾಕನ್ ಉತ್ಸವದವರೆಗೂ ಹೋಗಿ ನುಡಿಸಿ ಬಂದಿದೆ. ಗೇಮ್ ಮಾಡುವ ಕೈಯೂ ಮೆಟಲ್ ನುಡಿಸುವ ಕೈಯೂ ಒಂದೇ ಊರಲ್ಲಿದ್ದೂ ಎರಡೂ ಸೇರಿ ಇಂಥದ್ದೊಂದು ಆಟ ಹೊಮ್ಮಲಿಲ್ಲವಲ್ಲ ಎಂಬುದು ಬೇಸರದ ಮಾತು.

ಕಛೇರಿಗಳ ವಿಷಯದಲ್ಲಿ ಬೆಂಗಳೂರಿಗೂ ಕೊಲ್ಲಿಗೂ ಒಂದೇ ಹೆದ್ದಾರಿ. 2007ರ ಮಾರ್ಚ್ 9ರಂದು ದುಬೈಯಲ್ಲಿ ನುಡಿಸಿದ ಐರನ್ ಮೇಡನ್, 17ರಂದು ಅರಮನೆ ಮೈದಾನದಲ್ಲಿತ್ತು. 2011ರ ಅಕ್ಟೋಬರ್ 25ರಂದು ಅಬುಧಾಬಿಯಲ್ಲಿದ್ದ ಮೆಟಾಲಿಕಾ, 30ರಂದು ಅದೇ ಅರಮನೆ ಮೈದಾನಕ್ಕೆ ಬಂತು. ಎರಡೂ ಸಲ ದೋಹಾ ದಾರಿಯಲ್ಲಿ ಸಿಗಲಿಲ್ಲ. ಅಲ್ಲಿನ ಕನ್ನಡಿಗರ ಸಾರ್ವಜನಿಕ ಸಂಗೀತವೆಂದರೆ ಕರ್ನಾಟಕ ಸಂಘ, ತುಳು ಕೂಟಗಳು ನಡೆಸುವ ರಾಜ್ಯೋತ್ಸವ, ಭಾವಗೀತೆ, ಯಕ್ಷಗಾನ. ಮೆಟಲ್ ಹುಚ್ಚಿನ ಹುಡುಗ ಹುಡುಗಿಯರಿಗೆ ಹೆಡ್‌ಫೋನೇ ಸಭಾಂಗಣ. ಕೇಳುಗನ ಕೈಗೇ ಡ್ರಮ್ ಕೋಲು ಕೊಡುವ ಹೆಲ್‌ಸಿಂಗರ್ ಅಂಥವರಿಗೆ ಬರೀ ಆಟವಾಗಿ ಉಳಿಯುವುದಿಲ್ಲ.

ಹಾಗೆಂದು ತಾಳಕ್ಕೆ ಮೈ ದುಡಿಸುವುದು ಕತಾರಿಗೆ ಹೊಸದೇನಲ್ಲ. ಎಣ್ಣೆ ಸಿಗುವ ಮೊದಲು ಆ ನೆಲದ ಬದುಕು ಮುತ್ತಿನ ಮೇಲೆ ನಿಂತಿತ್ತು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕಡಲಲ್ಲಿರುತ್ತಿದ್ದ ಹಡಗುಗಳಲ್ಲಿ ನಹ್ಹಾಮ್ ಎಂಬ ಹಾಡುಗಾರನಿರುತ್ತಿದ್ದ. ಲಂಗರು ಎತ್ತುವಾಗ, ಹಾಯಿ ಏರಿಸುವಾಗ, ಹುಟ್ಟು ಹಾಕುವಾಗ ಅವನು ಹಾಡಬೇಕು, ಉಳಿದವರು ಆ ಬಡಿತಕ್ಕೆ ಹಗ್ಗ ಎಳೆಯಬೇಕು. ಫಿಜಿರಿ ಎಂದು ಹೆಸರಾದ ಈ ಹಾಡುಗಳಿಗೆ ಚಪ್ಪಾಳೆ, ಚರ್ಮವಾದ್ಯಗಳ ಜೊತೆಗೆ ಜಹ್ಲಾ ಎಂಬ ಮಣ್ಣಿನ ಮಡಕೆಯೂ ಪಕ್ಕವಾದ್ಯ. 1930ರ ದಶಕದಲ್ಲಿ ಜಪಾನಿನ ಸಾಕುಮುತ್ತು ಮಾರುಕಟ್ಟೆ ಹಿಡಿದಾಗ ಆ ದಂಧೆ ಕುಸಿಯಿತು. ಹಾಡು ಉತ್ಸವಗಳಿಗೆ ಸರಿಯಿತು. ದೋಹಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಮುತ್ತಿನ ಬೇಟೆಯ ಬಗ್ಗೆ ನಮ್ಮ ಮೀರಾ ನಾಯರ್ ಮಾಡಿದ 'ನಫಸ್' ಚಿತ್ರ ಗೋಡೆ ತುಂಬ ಓಡುತ್ತದೆ. ಆಟ ಮುಗಿಸಿ ಎದ್ದವರು ಒಮ್ಮೆ ಅದನ್ನು ನೋಡಬೇಕು.

ಇನ್ನು ಈ ಆಟ ಮನೆಗೆ ತರುವವರು ತಿಳಿದಿರಬೇಕಾದ ತಾಂತ್ರಿಕ ಸಂಗತಿ. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಎರಡು ಬಡಿತಗಳ ನಡುವೆ ಅರ್ಧ ಸೆಕೆಂಡು, ಅಂದರೆ 500 ಮಿಲಿಸೆಕೆಂಡು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ 150ರಿಂದ 200 ಮಿಲಿಸೆಕೆಂಡು ತಡವಾಗಬಹುದು. ಟಿವಿ ಕೂಡ ಚಿತ್ರವನ್ನು ಅಂದಗೊಳಿಸುತ್ತ ತನ್ನ ಪಾಲಿನ ತಡ ಸೇರಿಸುತ್ತದೆ. ಕಿವಿ ನಂಬಿ ಒತ್ತಿದ ಗುಂಡಿ ಆಟದ ಲೆಕ್ಕದಲ್ಲಿ ತಾಳದ ಹೊರಗೆ ಬೀಳುವುದು ಹೀಗೆ. 'ನನಗೆ ಲಯಜ್ಞಾನವೇ ಇಲ್ಲ' ಎಂದು ಆಟ ಬಿಟ್ಟವರಲ್ಲಿ ಕೆಲವರ ತಪ್ಪು ಇಷ್ಟೇ ಇರಬಹುದು.

ಕುಂದುಗಳೂ ಇವೆ. ಹೆಲ್‌ಸಿಂಗರ್ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಒಂದು ನರಕದ ಕೊನೆಗೆ ಬರುವ ದೊಡ್ಡ ಶತ್ರುವಿಗೂ ಮುಂದಿನ ನರಕದವನಿಗೂ ಹೆಚ್ಚು ವ್ಯತ್ಯಾಸವಿಲ್ಲ. ಎರಡನೇ ಸಲ ಆಡುವವರು ಬರುವುದು ಹಾಡಿಗಾಗಿ, ಅಂಕಕ್ಕಾಗಿ. ರಕ್ತ, ಪಿಶಾಚಿ, ಬೈಗುಳ ಎಲ್ಲವೂ ಧಾರಾಳವಾಗಿವೆ. ಡೂಮ್‌ನಂಥ ಆಟಗಳಿಗೆ ಅಮೆರಿಕದ ರೇಟಿಂಗ್ ಮಂಡಳಿ 17 ವರ್ಷ ಮೇಲ್ಪಟ್ಟವರಿಗೆ ಎಂಬ ಗುರುತು ಹಾಕುತ್ತದೆ. ಹತ್ತು ವರ್ಷದ ಮಗು ಕೇಳಿತೆಂದು ಕೊಡಿಸುವ ವಸ್ತು ಇದಲ್ಲ. ತಾಳ ಕಲಿಸಲು ಅಂಥ ಮಕ್ಕಳಿಗೆ ಬೇರೆ ಆಟಗಳಿವೆ.

ದೊಡ್ಡವರು ಆಡುವುದಾದರೆ ತಂತಿಯ ಹೆಡ್‌ಫೋನ್ ಹಾಕಿಕೊಳ್ಳಿ, ಟಿವಿಯನ್ನು ಗೇಮ್ ಮೋಡಿಗೆ ತನ್ನಿ, ಆಟದ ಸೆಟ್ಟಿಂಗ್‌ನಲ್ಲಿರುವ ಕ್ಯಾಲಿಬ್ರೇಶನ್ ಮುಗಿಸಿಯೇ ಒಳಗೆ ಹೋಗಿ. ಕಷ್ಟದ ಮಟ್ಟಗಳಿಗೆ ಅಲ್ಲಿ ಕುರಿಮರಿ, ಮೇಕೆ, ಮೃಗ ಎಂಬ ಅರ್ಥದ ಹೆಸರುಗಳಿವೆ. ಕುರಿಮರಿಯಿಂದಲೇ ಶುರು ಮಾಡಿ, ಗಾಯಕರ ದನಿ ಕೇಳುವ ತನಕ ಮೇಲಕ್ಕೆ ಏರಬೇಡಿ.